ತಿದ್ದೋಲೆಯನ್ನು ಒಳಗೇ ಹೆಣೆದ ಕಥೆ: ಒಂದು ಸಿ.ಡಿ.ಯ ಚರಿತ್ರೆ

ಪುಸ್ತಕವೊಂದು ಅಚ್ಚಾಗಿ ಹೊರಬಂದ ಮೇಲೆ ಅದರಲ್ಲಿ ತಪ್ಪು ಕಂಡರೆ ಸರಿಪಡಿಸಲು ಇರುವುದು ಎರಡೇ ದಾರಿ. ತಪ್ಪು-ಒಪ್ಪುಗಳ ಓಲೆಯೊಂದನ್ನು ಬೇರೆಯಾಗಿ ಅಚ್ಚು ಹಾಕಿಸಿ ಕೊನೆಯ ಪುಟಕ್ಕೆ ಅಂಟಿಸುವುದು ಒಂದು. ತಿದ್ದಿದ ಮಾತನ್ನು ಅದರದೇ ಸ್ಥಾನದಲ್ಲಿ ಕೂರಿಸಿ ಪುಸ್ತಕವನ್ನೇ ಮರುಮುದ್ರಿಸುವುದು ಇನ್ನೊಂದು. ನನ್ನಿಂದ ಸಮಾಜ ವಿಜ್ಞಾನದ ಪಾಠ ಕೇಳಿದವರಿಗೆ ಇದು ಸಂವಿಧಾನದ ಅಧ್ಯಾಯದಲ್ಲಿ ಬಂದ ಮಾತೆಂದು ನೆನಪಿರಬಹುದು. ೧೭೮೯ರಲ್ಲಿ ಅಮೆರಿಕದ ಸಂವಿಧಾನಕ್ಕೆ ಮೊದಲ ತಿದ್ದುಪಡಿಗಳು ಚರ್ಚೆಗೆ ಬಂದಾಗ ಜೇಮ್ಸ್ ಮ್ಯಾಡಿಸನ್ ಅವುಗಳನ್ನು ಮೂಲಪಾಠದ ಒಳಗೇ ಹೆಣೆಯಬೇಕೆಂದು ಬಯಸಿದ್ದರು. ಮೂಲವನ್ನು ಮುಟ್ಟದೆ ಕೊನೆಯಲ್ಲಿ ಸೇರಿಸಬೇಕೆಂದು ರೋಜರ್ ಶರ್ಮನ್ ಹಟ ಹಿಡಿದರು. ಕಡೆಗೆ ಶರ್ಮನ್ನರ ಮಾತೇ ನಡೆಯಿತು. ನಮ್ಮ ದೇಶ ಹಿಡಿದದ್ದು ಇನ್ನೊಂದು ದಾರಿ. ೧೯೭೬ರ ೪೨ನೆಯ ತಿದ್ದುಪಡಿಯಿಂದ ಬಂದ 'ಸಮಾಜವಾದಿ', 'ಜಾತ್ಯತೀತ' ಎಂಬ ಪದಗಳು ಪೀಠಿಕೆಯ ನಡುವೆಯೇ ಕುಳಿತಿವೆ. ಅದನ್ನು ಓದುವ ಮಗುವಿಗೆ ೧೯೫೦ರಲ್ಲಿ ಆ ಪದಗಳು ಅಲ್ಲಿರಲಿಲ್ಲವೆಂದು ಯಾರಾದರೂ ಹೇಳಿದರಷ್ಟೇ ತಿಳಿಯುತ್ತದೆ.

ಇದೇ ಎರಡು ದಾರಿಗಳ ಪ್ರಶ್ನೆ ಗಣಕಯಂತ್ರದ ಲೋಕದಲ್ಲಿಯೂ ಎದ್ದಿತ್ತು. ಆ ಚರಿತ್ರೆಯ ಒಂದು ಸಣ್ಣ ಎಳೆ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲಾ ಕೊಠಡಿಗಳನ್ನೂ ಹಾದುಹೋಗಿದೆ. ನಿಮ್ಮಲ್ಲಿ ಅನೇಕರು ಇಂದು ಇದೇ ವೃತ್ತಿಯಲ್ಲಿ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇದ್ದೀರಿ. ನಿಮಗೆ ಇದು ಅಜ್ಜನ ಕಾಲದ ಮಾತೆನಿಸಬಹುದು. ಆದರೆ ಇಪ್ಪತ್ತು ವರ್ಷದಷ್ಟು ಹಳೆಯದಾದ ಸಂಗತಿಯನ್ನು ಯಾರೂ ಬರೆದಿಡದಿದ್ದರೆ ಇನ್ನೂರು ವರ್ಷದ ಸಂಗತಿಗಿಂತ ಬೇಗ ಅದು ಮರೆತುಹೋಗುತ್ತದೆ.

ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅದು ಸಿ.ಡಿ.ಯಲ್ಲಿ ಅಚ್ಚಾಗಿ ಬರುತ್ತಿತ್ತು. ಅಚ್ಚಾದ ಮೇಲೆ ಕಂಡುಬಂದ ತಪ್ಪುಗಳನ್ನೆಲ್ಲ ಒಟ್ಟುಮಾಡಿ ಮೈಕ್ರೋಸಾಫ್ಟ್ ಆಗಾಗ ಹೊರಡಿಸುತ್ತಿದ್ದ ಕಟ್ಟಿಗೆ 'ಸರ್ವೀಸ್ ಪ್ಯಾಕ್' ಎನ್ನುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅದು ತಿದ್ದೋಲೆಯೇ. ೧೯೯೬ರಲ್ಲಿ ಬಂದ ವಿಂಡೋಸ್ ಎನ್‌ಟಿ ೪.೦ಕ್ಕೆ ಇಂಥ ತಿದ್ದೋಲೆಗಳು ಒಂದರಿಂದ ಆರರವರೆಗೆ ಬಂದು, ೧೯೯೯ರಲ್ಲಿ 'ಆರು-ಎ' ಎಂಬುದೂ ಒಂದು ಬಂತು. ಅದರ ತೊಡಕು ಹೀಗಿತ್ತು: ತಿದ್ದೋಲೆಯನ್ನು ಹಾಕಿದ ಮೇಲೆ ಹೊಸದೊಂದು ಭಾಗ ಬೇಕೆಂದು ಮೂಲ ಸಿ.ಡಿ.ಯಿಂದ ಅದನ್ನು ಸೇರಿಸಿಕೊಂಡರೆ ಹಳೆಯ ತಪ್ಪಿನ ಕಡತಗಳೇ ಮತ್ತೆ ಬಂದು ಕೂರುತ್ತಿದ್ದವು. ತಿದ್ದೋಲೆಯನ್ನು ಮತ್ತೊಮ್ಮೆ ಮೊದಲಿನಿಂದ ಹಾಕಬೇಕಿತ್ತು. ಬಿಳಿ ಬಳಿದ ಗೋಡೆಗೆ ಮೊಳೆ ಹೊಡೆದಾಗಲೆಲ್ಲ ಇಡೀ ಮನೆಗೆ ಸುಣ್ಣ ಬಳಿದ ಹಾಗೆ!

೨೦೦೦ದ ಫೆಬ್ರವರಿ ೧೭ರಂದು ಬಿಡುಗಡೆಯಾದ ವಿಂಡೋಸ್ ೨೦೦೦ ಈ ಕಷ್ಟಕ್ಕೆ ಪರಿಹಾರ ತಂದಿತು. ಸಿ.ಡಿ.ಯಲ್ಲಿದ್ದ ಕಡತಗಳನ್ನು ಗಣಕದ ಡಿಸ್ಕಿಗೆ ನಕಲು ಮಾಡಿಕೊಂಡು, ತಿದ್ದೋಲೆಗೆ ಒಂದು ಆಜ್ಞೆ ಕೊಟ್ಟರೆ ಅದು ಹಳೆಯ ಕಡತಗಳನ್ನು ತೆಗೆದು ಹೊಸವನ್ನು ಅದೇ ಜಾಗದಲ್ಲಿ ಇರಿಸುತ್ತಿತ್ತು. ಅಂದರೆ ಪರಿಷ್ಕೃತ ಮುದ್ರಣವನ್ನು ಓದುಗನೇ ತನ್ನ ಮನೆಯಲ್ಲಿ ಸಿದ್ಧಪಡಿಸಬಹುದಾಯಿತು. ಈ ಕೆಲಸಕ್ಕೆ ಬಲ್ಲವರು ಇಟ್ಟ ಹೆಸರು 'ಸ್ಲಿಪ್‌ಸ್ಟ್ರೀಮ್'. ಮುಂದೆ ವೇಗವಾಗಿ ಓಡುವ ವಾಹನ ಗಾಳಿಯನ್ನು ಸೀಳಿಕೊಂಡು ಹೋದಾಗ ಅದರ ಬೆನ್ನಿಗೆ ಉಂಟಾಗುವ ನಿರಾಯಾಸದ ಹರಿವಿಗೆ ಆ ಹೆಸರು. ಮದ್ದೂರಿನಿಂದ ಮಂಡ್ಯದ ಕಡೆಗೆ ಕಬ್ಬಿನ ಲಾರಿಯ ಹಿಂದೆ ಸೈಕಲ್ ತುಳಿದ ಹುಡುಗರಿಗೆ ಅದರ ಸುಖ ವಿವರಿಸಿ ಹೇಳಬೇಕಾಗಿಲ್ಲ. ಅದರ ಜೊತೆಗೆ ಎಳೆದ ಕಬ್ಬಿನ ಜಲ್ಲೆಯ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ.

ಆ ಕಾಲದಲ್ಲಿಯೇ ನಮ್ಮ ಜಿಲ್ಲೆಯ ರೈತರೂ ಇಂಥದೇ ಒಂದು ಬದಲಾವಣೆಯನ್ನು ಕಂಡರು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯ ಬದಲು 'ಭೂಮಿ' ಯೋಜನೆಯ ಮುದ್ರಿತ ಪಹಣಿ ೧೫ ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಸಿಗತೊಡಗಿತು. ರಾಜ್ಯದ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಜಮೀನು ಕೈ ಬದಲಾದರೆ ಖಾತೆ ಬದಲಾವಣೆಯ ನಮೂದು ಪಹಣಿಯ ಒಳಕ್ಕೇ ಹೋಗಿ, ಮುಂದಿನ ಪ್ರತಿಯಲ್ಲಿ ಹೊಸ ಹೆಸರೇ ಬರುತ್ತದೆ. ಹಳೆಯ ಪಹಣಿಗೆ ಚೀಟಿ ಲಗತ್ತಿಸಿ ಯಾರೂ ಬ್ಯಾಂಕಿಗೆ ಹೋಗುವುದಿಲ್ಲ. ಸಿ.ಡಿ.ಯ ವಿಷಯದಲ್ಲಿ ನಡೆದದ್ದೂ ತತ್ತ್ವದಲ್ಲಿ ಇಷ್ಟೇ.

ಆದರೆ ಇದು ಬರಿಯ ಅನುಕೂಲದ ಮಾತಾಗಿ ಉಳಿಯಲಿಲ್ಲ. ೨೦೦೧ರ ಅಕ್ಟೋಬರ್ ೨೫ರಂದು ವಿಂಡೋಸ್ ಎಕ್ಸ್‌ಪಿ ಬಂತು. ೨೦೦೩ರ ಜುಲೈ ೧೬ರಂದು ಅದರಲ್ಲಿದ್ದ ಒಂದು ದೊಡ್ಡ ಬಿರುಕಿಗೆ ಮೈಕ್ರೋಸಾಫ್ಟ್ ತೇಪೆ ಹೊರಡಿಸಿತು. ತೇಪೆ ಹಾಕಿಕೊಳ್ಳದವರ ಗಣಕಗಳಿಗೆ ಆಗಸ್ಟ್ ತಿಂಗಳಲ್ಲಿ 'ಬ್ಲಾಸ್ಟರ್' ಎಂಬ ಹುಳು ನುಗ್ಗಿತು. ಪರದೆಯ ಮೇಲೆ ಪುಟ್ಟ ಚೌಕವೊಂದು ಮೂಡಿ, ೬೦ ಸೆಕೆಂಡುಗಳನ್ನು ಹಿಂದಕ್ಕೆ ಎಣಿಸಿ ಗಣಕ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮರುವರ್ಷ ಬೇಸಿಗೆಯಲ್ಲಿ 'ಸ್ಯಾಸರ್' ಎಂಬ ಇನ್ನೊಂದು ಹುಳು ಅದೇ ಆಟ ಆಡಿತು. ಈ ಹುಳುಗಳಿಗೆ ನೀವು ಯಾವ ಮಿಂಚಂಚೆಯನ್ನೂ ತೆರೆಯಬೇಕಾಗಿರಲಿಲ್ಲ; ಅಂತರಜಾಲಕ್ಕೆ ಸೇರಿದ್ದರೆ ಸಾಕಾಗಿತ್ತು. ಸುರಕ್ಷತೆಯನ್ನು ಗಮನಿಸುವ ಸ್ಯಾನ್ಸ್ ಸಂಸ್ಥೆಯವರು ೨೦೦೪ರಲ್ಲಿ ಮಾಡಿದ ಅಂದಾಜಿನಂತೆ, ತೇಪೆಯಿಲ್ಲದ ಗಣಕ ಜಾಲಕ್ಕೆ ಸೇರಿದ ಮೇಲೆ ಸರಾಸರಿ ೨೦ ನಿಮಿಷಗಳಲ್ಲಿ ದಾಳಿಗೆ ಸಿಕ್ಕುತ್ತಿತ್ತು.

ಇಲ್ಲಿನ ವಿಪರ್ಯಾಸವನ್ನು ಗಮನಿಸಿ. ೨೦೦೧ರ ಸಿ.ಡಿ.ಯಿಂದ ಗಣಕವನ್ನು ಹೊಸದಾಗಿ ಸಿದ್ಧಗೊಳಿಸಿದರೆ ಅದಕ್ಕೆ ತೇಪೆ ಬೇಕು. ತೇಪೆ ಇರುವುದು ಜಾಲದಲ್ಲಿ. ಜಾಲಕ್ಕೆ ಹೋದರೆ ತೇಪೆ ಇಳಿಯುವ ಮೊದಲೇ ಹುಳು ಹತ್ತುತ್ತದೆ. ಹುಚ್ಚುನಾಯಿ ಕಡಿತಕ್ಕೆ ಮದ್ದು ತರಲು ಹುಚ್ಚುನಾಯಿಗಳಿರುವ ಬೀದಿಯಲ್ಲೇ ಹೋಗಬೇಕಾದ ಸ್ಥಿತಿ.

೨೦೦೪ರ ಆಗಸ್ಟ್‌ನಲ್ಲಿ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕ್ ಬಂದಾಗ ಅದು ತಿದ್ದೋಲೆಗಿಂತ ಹೆಚ್ಚಿನದಾಗಿತ್ತು. ಹೊರಗಿನವರನ್ನು ತಡೆಯುವ ಅಗ್ನಿಗೋಡೆ ಮೊದಲಿನಿಂದಲೇ ಎದ್ದು ನಿಂತಿರುವಂತೆ ಅದರಲ್ಲಿ ಏರ್ಪಾಡಾಗಿತ್ತು. ಇಡಿಯಾಗಿ ಇಳಿಸಿಕೊಳ್ಳುವ ಕಟ್ಟಿನ ಗಾತ್ರ ಸುಮಾರು ೨೬೬ ಮೆಗಾಬೈಟ್. ಇಂದು ನಿಮ್ಮ ಮಕ್ಕಳು ನೋಡುವ ಒಂದು ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ. ಅಂದು ನಮ್ಮ ಊರುಗಳಲ್ಲಿ ದೂರವಾಣಿ ತಂತಿಯ ಮೂಲಕ ಸಿಗುತ್ತಿದ್ದ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ ೫೬ ಕಿಲೋಬಿಟ್, ಅಂದರೆ ೭ ಕಿಲೋಬೈಟ್. ಲೆಕ್ಕ ಹಾಕಿದರೆ ಎಲ್ಲವೂ ಸರಿಯಾಗಿದ್ದಾಗಲೂ ೧೦ ಗಂಟೆ ೪೫ ನಿಮಿಷದ ಮೇಲೆ. ಸಿಕ್ಕುತ್ತಿದ್ದ ನಿಜವಾದ ವೇಗದಲ್ಲಿ ಹಗಲು ರಾತ್ರಿ ಎರಡೂ ಸಾಲದು. ನಡುವೆ ಫೋನು ಕಡಿದರೆ, ವಿದ್ಯುತ್ತು ಹೋದರೆ ಮತ್ತೆ ಮೊದಲಿನಿಂದ. ಏಷ್ಯಾದ ಮೊದಲ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದಾದ ಶಿವನಸಮುದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲೇ. ೧೯೦೨ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದುಹೋಯಿತು. ನೂರು ವರ್ಷಗಳ ಮೇಲೂ ಅದೇ ತಾಲ್ಲೂಕಿನ ಶಾಲೆಯ ಗಣಕ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು.

ಹೀಗಾಗಿ ತಿದ್ದೋಲೆ ನಮ್ಮ ಕಡೆಗೆ ಬಂದದ್ದು ಜಾಲದಿಂದಲ್ಲ, ಬಸ್ಸಿನಿಂದ. 'ಡಿಜಿಟ್'ನಂಥ ಕಂಪ್ಯೂಟರ್ ಮಾಸಪತ್ರಿಕೆಗಳ ಜೊತೆಗೆ ಸಿ.ಡಿ. ಬರುತ್ತಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಹುಡುಗರು ಕಚೇರಿಯ ವೇಗದ ಸಂಪರ್ಕದಲ್ಲಿ ಇಳಿಸಿಕೊಂಡದ್ದನ್ನು ಶನಿವಾರದ ರೈಲಿನಲ್ಲಿ ಜೇಬಿನಲ್ಲಿಟ್ಟುಕೊಂಡು ಮದ್ದೂರಿಗೆ ತರುತ್ತಿದ್ದರು. ಮಳವಳ್ಳಿಗೆ ರೈಲಿಲ್ಲ, ಅಲ್ಲಿಂದ ಮುಂದಕ್ಕೆ ಬಸ್ಸೇ ಗತಿ. ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರ ಕೊಠಡಿಯಲ್ಲಿದ್ದ ಐದು ಗಣಕಗಳಿಗೆ ತಿದ್ದೋಲೆ ಬಂದದ್ದು ಹೀಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಿಯ ಜೇಬಿನಲ್ಲಿ.

ಆತ ಆ ಕೆಲಸ ಮಾಡುತ್ತಿದ್ದುದನ್ನು ನಾನು ಬದಿಯಲ್ಲಿ ಕುಳಿತು ನೋಡಿದ್ದೇನೆ. ಶಾಲೆಯ ಪರವಾನಗಿಯುಳ್ಳ ಮೂಲ ಸಿ.ಡಿ.ಯಲ್ಲಿದ್ದುದನ್ನೆಲ್ಲ ಒಂದು ಕಡತಕೋಶಕ್ಕೆ ನಕಲು ಮಾಡಿದ. ಸರ್ವೀಸ್ ಪ್ಯಾಕಿಗೆ 'ಇಂಟಿಗ್ರೇಟ್' ಎಂಬ ಆಜ್ಞೆಯನ್ನೂ ಆ ಕೋಶದ ವಿಳಾಸವನ್ನೂ ಕೊಟ್ಟ. ಕಡತಗಳು ಒಂದೊಂದಾಗಿ ಬದಲಾಗುವುದನ್ನು ಪರದೆಯ ಮೇಲಿನ ಪಟ್ಟಿ ತೋರಿಸುತ್ತ ಸಾಗಿತು. ಅದು ಮುಗಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಿ.ಡಿ.ಯಿಂದಲೇ ಗಣಕ ಎಚ್ಚರಗೊಳ್ಳಬೇಕಾದರೆ ಅದರಲ್ಲೊಂದು ಗುಪ್ತ ತುಣುಕು ಇರಬೇಕು. ೧೯೯೫ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸಂಸ್ಥೆಗಳು ರೂಪಿಸಿದ 'ಎಲ್ ಟೊರಿಟೊ' ಎಂಬ ನಿಯಮದಂತೆ ಅದು ಸಿ.ಡಿ.ಯಲ್ಲಿ ಇರುತ್ತದೆ; ಕಡತಗಳನ್ನು ನಕಲು ಮಾಡಿದಾಗ ಅದು ಜೊತೆಗೆ ಬರುವುದಿಲ್ಲ. ಎಕ್ಸ್‌ಪಿಯ ಆ ತುಣುಕಿನ ಗಾತ್ರ ಕೇವಲ ೨ ಕಿಲೋಬೈಟ್! ಅದನ್ನು ಮೂಲದಿಂದ ಬೇರೆಯಾಗಿ ಕಿತ್ತು ತೆಗೆದು, ಹೊಸ ಸಿ.ಡಿ. ಸುಡುವಾಗ ತಕ್ಕ ಜಾಗದಲ್ಲಿ ಇರಿಸಬೇಕು. ತಪ್ಪಿದರೆ ಒಳಗೆ ಎಲ್ಲವೂ ಇದ್ದು, ಬಾಗಿಲೇ ಇಲ್ಲದ ಮನೆಯಾಗುತ್ತದೆ. ೭೦೦ ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿ ಇದೆಲ್ಲವೂ ಹಿಡಿಸುತ್ತಿತ್ತು.

ಈಗ ನನಗೆ ಬಹು ಮುಖ್ಯವೆನಿಸಿದ ಭಾಗಕ್ಕೆ ಬರುತ್ತೇನೆ. ಅದು ಕನ್ನಡದ ವಿಷಯ.

೨೦೦೦ದ ವಿಂಡೋಸ್‌ನಲ್ಲಿ ಭಾರತೀಯ ಲಿಪಿಗಳ ಪೈಕಿ ದೇವನಾಗರಿ ಮತ್ತು ತಮಿಳಿಗೆ ಮಾತ್ರ ಯೂನಿಕೋಡ್ ಆಸರೆ ಇತ್ತು. ಕನ್ನಡ ಬಂದದ್ದು ಎಕ್ಸ್‌ಪಿಯ ಜೊತೆಗೆ, 'ತುಂಗಾ' ಎಂಬ ನಮ್ಮ ನದಿಯ ಹೆಸರಿನ ಅಕ್ಷರವಿನ್ಯಾಸದೊಂದಿಗೆ. ತೆಲುಗು, ಗುಜರಾತಿ, ಗುರುಮುಖಿಗಳೂ ಆಗಲೇ ಬಂದವು. ಬಂಗಾಳಿ, ಮಲಯಾಳಗಳು ಎರಡನೆಯ ಸರ್ವೀಸ್ ಪ್ಯಾಕಿನವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ನಾವು 'ಬರಹ', 'ನುಡಿ' ತಂತ್ರಾಂಶಗಳ ಅಕ್ಷರಗಳನ್ನು ನೆಚ್ಚಿಕೊಂಡಿದ್ದೆವು. ಅವು ಮಾಡಿದ ಉಪಕಾರ ದೊಡ್ಡದು. ಆದರೆ ಒಂದು ಗಣಕದಲ್ಲಿ ಬರೆದ ಪ್ರಶ್ನೆಪತ್ರಿಕೆ ಆ ಅಕ್ಷರವಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತಿತ್ತು. ಯೂನಿಕೋಡ್ ಆ ಕಷ್ಟವನ್ನು ಕಳೆಯುವ ಭರವಸೆಯಾಗಿತ್ತು.

ಆದರೆ ಎಕ್ಸ್‌ಪಿಯನ್ನು ಇಂಗ್ಲಿಷಿನಲ್ಲಿ ಸ್ಥಾಪಿಸಿದಾಗ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಸಿ.ಡಿ.ಯ ಒಳಗೆ ಅದು ಇರುತ್ತಿತ್ತು, ಗಣಕಕ್ಕೆ ಇಳಿಯುತ್ತಿರಲಿಲ್ಲ. ನಿಯಂತ್ರಣ ಫಲಕಕ್ಕೆ ಹೋಗಿ, ಭಾಷೆಗಳ ಪುಟವನ್ನು ತೆರೆದು, 'ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು' ಎಂಬ ಚೌಕಕ್ಕೆ ಗುರುತು ಹಾಕಬೇಕಾಗಿತ್ತು. ಅದಕ್ಕೆ ೧೦ ಮೆಗಾಬೈಟ್ ಅಥವಾ ಹೆಚ್ಚಿನ ಜಾಗ ಬೇಕೆಂದು ಎಚ್ಚರಿಕೆಯೂ ಕಾಣಿಸುತ್ತಿತ್ತು. ಹತ್ತಾರು ಸಾವಿರ ಮೆಗಾಬೈಟುಗಳ ಡಿಸ್ಕಿನಲ್ಲಿ ಕನ್ನಡಕ್ಕೆ ಹತ್ತು ಮೆಗಾಬೈಟ್ ಜಾಗ ಕೊಡುವ ಮೊದಲು ಕೇಳಿ ಒಪ್ಪಿಗೆ ಪಡೆಯುತ್ತಿದ್ದರು! ಗುರುತು ಹಾಕಿದೊಡನೆ ಗಣಕ ಸಿ.ಡಿ.ಯನ್ನು ಕೇಳುತ್ತಿತ್ತು. ಸರ್ವೀಸ್ ಪ್ಯಾಕನ್ನು ಮೇಲಿನಿಂದ ಹಾಕಿದ ಗಣಕವಾಗಿದ್ದರೆ ಕೆಲವು ಸಲ ಸರ್ವೀಸ್ ಪ್ಯಾಕ್ ಇರುವ ಸಿ.ಡಿ.ಯನ್ನೇ ಕೇಳುತ್ತಿತ್ತು, ನಮ್ಮಲ್ಲಿದ್ದುದು ೨೦೦೧ರ ಮೂಲ ಪ್ರತಿ. ಅನೇಕ ಕಡೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಮಕ್ಕಳು ಕನ್ನಡದ ಪುಟ ತೆರೆದರೆ ಸಾಲು ಸಾಲು ಖಾಲಿ ಚೌಕಗಳು, ಇಲ್ಲವೆ ಒತ್ತಕ್ಷರ ಬಿಡಿಬಿಡಿಯಾಗಿ ಸಿಡಿದ ಪದಗಳು. ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲವೆಂದೇ ಅವರಲ್ಲಿ ಅನೇಕರು ನಂಬಿದರು. ಮೇಷ್ಟರಾದವನಿಗೆ ಅದಕ್ಕಿಂತ ನೋವಿನ ಮಾತು ಇನ್ನೊಂದಿಲ್ಲ.

ಹೆಣೆದ ಸಿ.ಡಿ. ಈ ಗಂಟನ್ನು ಬಿಡಿಸಿತು. ತಿದ್ದೋಲೆ ಒಳಗೇ ಇದ್ದುದರಿಂದ ಗಣಕ ಯಾವ ಸಿ.ಡಿ.ಯನ್ನು ಕೇಳಿದರೂ ಅದೊಂದೇ ಉತ್ತರವಾಯಿತು. ಅಷ್ಟಲ್ಲದೆ, ಸ್ಥಾಪನೆಯ ಪ್ರಶ್ನೆಗಳಿಗೆ ಮುಂಚಿತವಾಗಿ ಉತ್ತರ ಬರೆದಿಡುವ ಒಂದು ಪುಟ್ಟ ಪಠ್ಯ ಕಡತವನ್ನು ಅದರಲ್ಲಿ ಸೇರಿಸಬಹುದಾಗಿತ್ತು. ಅದರಲ್ಲಿ ಭಾಷಾಗುಂಪು ಎಂಬ ಒಂದು ಸಾಲು. ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಪಶ್ಚಿಮ ಯೂರೋಪಿನ ಗುಂಪಿಗೆ ೧, ಗ್ರೀಕಿಗೆ ೪, ಜಪಾನಿಗೆ ೭, ಭಾರತೀಯ ಲಿಪಿಗಳಿಗೆ ೧೫. ಆ ಹುಡುಗ ಆ ಸಾಲಿನಲ್ಲಿ ೧೫ ಎಂದು ಬರೆದ. ಅಂದಿನಿಂದ ಆ ಸಿ.ಡಿ.ಯಿಂದ ಸಿದ್ಧವಾದ ಪ್ರತಿಯೊಂದು ಗಣಕವೂ ಯಾರನ್ನೂ ಕೇಳದೆ ಕನ್ನಡವನ್ನು ಹೊತ್ತುಕೊಂಡೇ ಎಚ್ಚರಗೊಂಡಿತು. ರಾಜ್ಯೋತ್ಸವದ ಭಾಷಣಗಳನ್ನು ನಾನು ಬಹಳ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಆ ಎರಡಂಕಿಯ ಸಾಲು ಮಾಡಿದಷ್ಟು ಕೆಲಸವನ್ನು ಅವುಗಳಲ್ಲಿ ಎಷ್ಟು ಮಾಡಿದವು ಎಂದು ಆಗಾಗ ಯೋಚಿಸುತ್ತೇನೆ.

ಇಷ್ಟು ಹೊಗಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಚರಿತ್ರೆಯ ಪಾಠ ಅರ್ಧವಾಗುತ್ತದೆ. ಯಾರು ಬೇಕಾದರೂ ಪರಿಷ್ಕೃತ ಮುದ್ರಣ ಮಾಡಬಹುದಾದರೆ, ಪರಿಷ್ಕರಿಸಿದವನು ಏನನ್ನು ಸೇರಿಸಿದ, ಏನನ್ನು ಬಿಟ್ಟ ಎಂದು ತಿಳಿಯುವುದು ಹೇಗೆ? ಪರವಾನಗಿಯಿಲ್ಲದ ಹೆಣೆದ ಸಿ.ಡಿ.ಗಳು ಆ ವರ್ಷಗಳಲ್ಲಿ ಪೇಟೆಯಲ್ಲಿ ಧಾರಾಳವಾಗಿ ಓಡಾಡಿದವು. ಮೇಲೆ ಮಾರ್ಕರ್ ಪೆನ್ನಿನ ಬರಹವೊಂದೇ ಅವುಗಳ ಗುರುತು. ಮೈಕ್ರೋಸಾಫ್ಟಿನಿಂದ ಬಂದ ಸರ್ವೀಸ್ ಪ್ಯಾಕಿಗೆ ಅದರದೇ ಡಿಜಿಟಲ್ ಸಹಿ ಇರುತ್ತಿತ್ತು. ಬೇರೊಬ್ಬರು ಮನೆಯಲ್ಲಿ ಸುಟ್ಟ ಇಡೀ ಸಿ.ಡಿ.ಗೆ ಅಂಥ ಸಾಕ್ಷಿ ಇರಲಿಲ್ಲ. ಅಂಗಡಿಯೊಂದರಿಂದ ಹಾಗೆ ಬಂದ ಸಿ.ಡಿ.ಯೊಂದನ್ನು ನೆರೆಯ ಊರಿನ ಶಾಲೆಯಲ್ಲಿ ಬಳಸಿದಾಗ ಯಾರೂ ಕೇಳದ ಮೂರು ನಾಲ್ಕು ಕಾರ್ಯಕ್ರಮಗಳು ತಾವಾಗಿಯೇ ಬಂದು ಕೂತಿದ್ದನ್ನು ನಾನೇ ಕಂಡಿದ್ದೇನೆ. ಪುರಾಣವನ್ನು ನಕಲು ಮಾಡಿದ ಲಿಪಿಕಾರನು ತನ್ನದೂ ನಾಲ್ಕು ಪದ್ಯಗಳನ್ನು ಸೇರಿಸಿಬಿಡುವುದು ನಮಗೆ ಹೊಸದಲ್ಲ. ಆದರೆ ಪ್ರಕ್ಷಿಪ್ತ ಪದ್ಯದಿಂದ ಯಾರ ಗುಪ್ತಪದವೂ ಕಳುವಾಗುವುದಿಲ್ಲ.

ಪರವಾನಗಿಯ ಗೊಡವೆಯಿಲ್ಲದ ಸ್ವತಂತ್ರ ತಂತ್ರಾಂಶದವರು ಈ ಪ್ರಶ್ನೆಗೆ ಬೇರೆ ಉತ್ತರ ಕಂಡುಕೊಂಡರು. ಅವರು ತಿದ್ದುಪಡಿಗಳನ್ನು ತಾವೇ ಹೆಣೆದು ಹೊಸ ಡಿಸ್ಕುಗಳನ್ನು ಹೊರಡಿಸಿದರು. ಉಬುಂಟುವಿನ ೬.೦೬ ಆವೃತ್ತಿ ೨೦೦೬ರ ಜೂನಿನಲ್ಲಿ ಬಂತು. ಆಗಸ್ಟಿನಲ್ಲೇ ತಿದ್ದುಪಡಿಗಳೆಲ್ಲ ಒಳಸೇರಿದ ೬.೦೬.೧ ಹೊರಬಂತು. ಜಾಲವಿಲ್ಲದವರಿಗೆ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳುಹಿಸುವ ಅವರ ಏರ್ಪಾಡು ೨೦೦೫ರಿಂದ ೨೦೧೧ರವರೆಗೆ ನಡೆಯಿತು.

ಮುಂದಿನ ಕಥೆ ಚಿಕ್ಕದು. ಎಕ್ಸ್‌ಪಿಯ ಮೂರನೆಯ ಮತ್ತು ಕೊನೆಯ ಸರ್ವೀಸ್ ಪ್ಯಾಕ್ ೨೦೦೮ರ ಮೇ ತಿಂಗಳಲ್ಲಿ ಬಂತು. ಅದನ್ನೂ ಹಳೆಯ ರೀತಿಯಲ್ಲೇ ಹೆಣೆಯಬಹುದಾಗಿತ್ತು. ಅಷ್ಟರಲ್ಲಿ ಬಂದಿದ್ದ ವಿಸ್ಟಾದಲ್ಲಿ ಬಿಡಿ ಕಡತಗಳ ಬದಲು ಇಡೀ ವ್ಯವಸ್ಥೆಯ ಒಂದೇ ಪ್ರತಿಬಿಂಬವನ್ನು ಡಿ.ವಿ.ಡಿ.ಯಲ್ಲಿ ಇಟ್ಟಿದ್ದರಿಂದ ಹಳೆಯ ಆಜ್ಞೆ ನಡೆಯಲಿಲ್ಲ. ಕನ್ನಡ ಮಾತ್ರ ವಿಸ್ಟಾದಿಂದ ಮುಂದೆ ಯಾರ ಅಪ್ಪಣೆಗೂ ಕಾಯದೆ ಮೊದಲ ದಿನವೇ ಗಣಕದಲ್ಲಿ ಇರತೊಡಗಿತು. ವಿಂಡೋಸ್ ೭ಕ್ಕೆ ೨೦೧೧ರ ಫೆಬ್ರವರಿಯಲ್ಲಿ ಬಂದದ್ದೇ ಆ ಸಾಲಿನ ಕೊನೆಯ ಸರ್ವೀಸ್ ಪ್ಯಾಕ್. ೨೦೧೫ರ ವಿಂಡೋಸ್ ೧೦ರ ವೇಳೆಗೆ ತಿದ್ದುಪಡಿ ನಿತ್ಯದ ಕೆಲಸವಾಗಿ, ಕೇಳದೆಯೇ ಜಾಲದಿಂದ ಇಳಿದುಬರತೊಡಗಿತು. ಇತ್ತೀಚಿನದೆಲ್ಲ ಸೇರಿದ ಪ್ರತಿಯನ್ನು ಈಗ ಕಂಪನಿಯೇ ಕೊಡುತ್ತದೆ.

ಆದರೂ ಹಳೆಯ ಡಿಸ್ಕುಗಳು ಬೇಗ ಸಾಯಲಿಲ್ಲ. ಎಕ್ಸ್‌ಪಿಗೆ ಆಸರೆ ನಿಂತದ್ದು ೨೦೧೪ರ ಏಪ್ರಿಲ್ ೮ರಂದು. ೨೦೧೭ರ ಮೇ ೧೨ರಂದು 'ವಾನ್ನಾಕ್ರೈ' ಎಂಬ ಹುಳು ಲೋಕವನ್ನೆಲ್ಲ ನಡುಗಿಸಿದಾಗ ಮೈಕ್ರೋಸಾಫ್ಟ್ ತಾನು ಕೈಬಿಟ್ಟಿದ್ದ ಎಕ್ಸ್‌ಪಿಗೂ ಮರುದಿನವೇ ತೇಪೆ ಹೊರಡಿಸಬೇಕಾಯಿತು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಸರದಿಯೂ ಮುಗಿಯಿತು. ಹಳೆಯ ಯಂತ್ರಗಳನ್ನು ಒಂದೇ ದಿನಕ್ಕೆ ಬದಲಿಸಲಾಗದ ಶಾಲೆಗಳಿಗೆ ಅದರ ತೊಂದರೆ ಏನೆಂದು ಗೊತ್ತು. ತಿದ್ದುಪಡಿಯೆಲ್ಲ ಜಾಲದಿಂದಲೇ ಬರುತ್ತದೆ ಎಂಬ ಏರ್ಪಾಡು ಜಾಲ ಇರುವವರಿಗೆ ಸುಖ. ಇಲ್ಲದವರ ಕೈಗೆ ಅದನ್ನು ಮುಟ್ಟಿಸುವವರು ಯಾರು ಎಂಬ ಪ್ರಶ್ನೆ ೨೦೦೪ರಲ್ಲಿ ಇದ್ದ ಹಾಗೆಯೇ ಇದೆ. ಅಂದು ಅದನ್ನು ಬಗೆಹರಿಸಿದವರು ಸರ್ಕಾರದವರೂ ಅಲ್ಲ, ಕಂಪನಿಯವರೂ ಅಲ್ಲ. ಶನಿವಾರದ ರೈಲು ಹತ್ತಿದ ಹುಡುಗರು.

ಚರಿತ್ರೆಯ ಮೇಷ್ಟರಿಗೆ ಆ ಸಿ.ಡಿ.ಗಳಲ್ಲಿ ಇನ್ನೊಂದು ಆಸಕ್ತಿ ಉಂಟು. ಒಳಗಿನ ಕಡತಗಳ ಪಟ್ಟಿ ತೆರೆದು ನೋಡಿದರೆ ಕೆಲವಕ್ಕೆ ೨೦೦೧ರ ಆಗಸ್ಟ್, ಕೆಲವಕ್ಕೆ ೨೦೦೪ರ ಆಗಸ್ಟ್ ತಾರೀಖು ಇರುತ್ತದೆ. ಹಳೆಯ ದೇವಸ್ಥಾನದ ಗೋಡೆಯಲ್ಲಿ ಒಂದು ಕಾಲದ ಕಲ್ಲು, ಮೇಲೆ ಇನ್ನೊಂದು ಕಾಲದ ಇಟ್ಟಿಗೆ ಕಾಣುವ ಹಾಗೆ. ಹೆಣೆದ ಪ್ರತಿ ತನ್ನ ತಿದ್ದುಪಡಿಯನ್ನು ಮರೆಮಾಡುತ್ತದೆ ಎಂದು ಮೊದಲಲ್ಲಿ ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ; ಹುಡುಕುವವನಿಗೆ ತಾರೀಖು ಹೇಳುತ್ತದೆ.

ಅಂಥ ಸಿ.ಡಿ.ಗಳು ನಿಮ್ಮ ಅಟ್ಟದ ಮೇಲೋ ಹಳೆಯ ಪೆಟ್ಟಿಗೆಯಲ್ಲೋ ಇದ್ದರೆ, ಎಸೆಯುವ ಮೊದಲು ಅದರ ಮೇಲೆ ಬರೆದುದನ್ನು ಓದಿ, ಒಂದು ಚಿತ್ರ ತೆಗೆದು ನನಗೆ ಕಳುಹಿಸಿ. ಮನೆಯಲ್ಲಿ ಸುಟ್ಟ ಸಿ.ಡಿ.ಗಳ ಲೇಪ ವರ್ಷ ಕಳೆದಂತೆ ಕೆಡುತ್ತದೆ. ಒಳಗಿನದನ್ನು ಓದಲು ಸಾಧ್ಯವಾದರೆ ಉತ್ತರಗಳನ್ನು ಬರೆದಿಟ್ಟ ಆ ಪುಟ್ಟ ಕಡತವನ್ನು ಹುಡುಕಿ, ಭಾಷಾಗುಂಪಿನ ಸಾಲಿನಲ್ಲಿ ೧೫ ಇದೆಯೇ ನೋಡಿ ತಿಳಿಸಿ. ಯಾವ ಊರಿನಲ್ಲಿ, ಯಾವ ವರ್ಷ ಬರೆದದ್ದೆಂದು ನೆನಪಿದ್ದರೆ ಅದನ್ನೂ ಜೊತೆಗೆ ಬರೆಯಿರಿ.